ಫಿಲ್‌ಹಾರ್ಮೋನಿಕ್‌ನಲ್ಲಿ ಒಂದು ಪಿಂಟ್: ವಿಕ್ಟೋರಿಯನ್ ಪಬ್ಬು, ರಿಯಲ್ ಏಲ್ ಮತ್ತು ನೆಲಮಾಳಿಗೆಯ ಕೆಲಸ

[ದೃಶ್ಯ: ಹೋಪ್ ಸ್ಟ್ರೀಟಿನ ಮೂಲೆ. ತಾಮ್ರ, ಕಬ್ಬಿಣದ ಬಳ್ಳಿಗಳಿರುವ ಗೇಟು]

ನಮಸ್ಕಾರ. ಇದು ಇಂಗ್ಲೆಂಡಿನ ಲಿವರ್‌ಪೂಲ್. ಲೈಮ್ ಸ್ಟ್ರೀಟ್ ರೈಲು ನಿಲ್ದಾಣದಿಂದ ಏರುದಾರಿಯಲ್ಲಿ ಸುಮಾರು ಕಾಲು ಗಂಟೆ ನಡೆದರೆ ಹೋಪ್ ಸ್ಟ್ರೀಟ್ ಸಿಗುತ್ತದೆ. ಆ ಕಡೆ ಫಿಲ್‌ಹಾರ್ಮೋನಿಕ್ ಸಂಗೀತ ಸಭಾಂಗಣ, ಈ ಕಡೆ ಫಿಲ್‌ಹಾರ್ಮೋನಿಕ್ ಡೈನಿಂಗ್ ರೂಮ್ಸ್. ಹೆಸರು ಊಟದ ಮನೆಯದ್ದಾದರೂ ಇದು ಪಬ್ಬು. ಊರಿನವರ ಬಾಯಲ್ಲಿ ಬರೀ ‘ಫಿಲ್’.

ಬಿಯರ್ ತಯಾರಿಸಿ ಹಣ ಮಾಡಿದ ರಾಬರ್ಟ್ ಕೇನ್ ತನ್ನ ಕಂಪನಿಗಾಗಿ 1898ರಿಂದ 1900ರ ನಡುವೆ ಇದನ್ನು ಕಟ್ಟಿಸಿದ. ವಾಸ್ತುಶಿಲ್ಪಿ ವಾಲ್ಟರ್ ಡಬ್ಲ್ಯು. ಥಾಮಸ್. ಗೇಟಿನ ಮೇಲೆ ಕಾಣುವ ‘ಪಾಕೆಮ್ ಅಮೊ’ ಕೇನ್‌ನ ಧ್ಯೇಯವಾಕ್ಯ; ಲ್ಯಾಟಿನ್‌ನಲ್ಲಿ ‘ನನಗೆ ಶಾಂತಿ ಪ್ರಿಯ’ ಎಂದರ್ಥ. 2020ರಲ್ಲಿ ಈ ಕಟ್ಟಡಕ್ಕೆ ಗ್ರೇಡ್ ಒಂದರ, ಅಂದರೆ ಹಳೆಯ ಕಟ್ಟಡಗಳಿಗೆ ಕೊಡುವ ಅತ್ಯುನ್ನತ ದರ್ಜೆಯ ಸಂರಕ್ಷಣೆ ಸಿಕ್ಕಿತು. ಪಬ್ಬಿಗಾಗಿಯೇ ಕಟ್ಟಿದ ವಿಕ್ಟೋರಿಯನ್, ಅಂದರೆ ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡವೊಂದಕ್ಕೆ ಇಂಗ್ಲೆಂಡಿನಲ್ಲಿ ಆ ದರ್ಜೆ ಸಿಕ್ಕಿದ್ದು ಅದೇ ಮೊದಲು.

[ದೃಶ್ಯ: ಒಳಗೆ. ಕುದುರೆ ಲಾಳದ ಆಕಾರದ ಕೌಂಟರ್, ಮೊಸಾಯಿಕ್ ಮುಖ]

ಕೌಂಟರ್ ನಡುವೆ ಇದೆ, ಕೋಣೆಗಳು ಅದರ ಸುತ್ತ ಇವೆ. ವಿಕ್ಟೋರಿಯನ್ ಪಬ್ಬುಗಳ ಲೆಕ್ಕಾಚಾರವೇ ಇದು: ಕೂಲಿಯವರಿಗೆ ಒಂದು ಕಡೆ, ಕಾಸಿದ್ದವರಿಗೆ ರತ್ನಗಂಬಳಿ ಹಾಸಿದ ಇನ್ನೊಂದು ಕಡೆ, ಬಡಿಸುವವರು ಮಾತ್ರ ಅವರೇ. ಇಲ್ಲಿನ ಎರಡು ಚಿಕ್ಕ ಕೋಣೆಗಳಿಗೆ ಬ್ರಾಹ್ಮ್ಸ್, ಲಿಸ್ಟ್ ಎಂದು ಸಂಗೀತಗಾರರ ಹೆಸರಿದೆ. ಹಿಂದಿನ ದೊಡ್ಡ ಹಾಲ್ ಮೊದಲು ಬಿಲಿಯರ್ಡ್ಸ್ ಕೋಣೆಯಾಗಿತ್ತು. ಗಂಡಸರ ಶೌಚಾಲಯದ ಗುಲಾಬಿ ಅಮೃತಶಿಲೆಯನ್ನು ನೋಡಲೆಂದೇ ಜನ ಬರುತ್ತಾರೆ. ಹೆಂಗಸರೂ ನೋಡಬಹುದು, ಆದರೆ ಸಿಬ್ಬಂದಿಯನ್ನು ಕೇಳಿ, ಒಳಗೆ ಯಾರೂ ಇಲ್ಲವೆಂದು ಅವರು ಖಚಿತಪಡಿಸಿದ ಮೇಲೆ.

ಬಹಳಷ್ಟು ಪ್ರವಾಸಿಗರು ಇಷ್ಟು ನೋಡಿ, ಫೋಟೋ ತೆಗೆದು, ಎಲ್ಲಿ ಬೇಕಾದರೂ ಸಿಗುವ ತಣ್ಣನೆಯ ಲಾಗರ್ ಬಿಯರ್ ಕುಡಿದು ಹೊರಡುತ್ತಾರೆ. ಈ ಕಟ್ಟಡ ಎದ್ದದ್ದೇ ಪೀಪಾಯಿಯ ಬಿಯರ್ ಮಾರಲು. ಅದು ಇವತ್ತಿಗೂ ಇಲ್ಲಿ ಕೈಪಂಪಿನಿಂದಲೇ ಬರುತ್ತದೆ. ಅದರ ರುಚಿಯ ಅರ್ಧ ಪಾಲು ನಿರ್ಧಾರವಾಗುವುದು ಪಬ್ಬಿನ ನೆಲಮಾಳಿಗೆಯಲ್ಲಿ.

[ದೃಶ್ಯ: ಚಿತ್ರ. ಅಡ್ಡ ಮಲಗಿಸಿದ ಪೀಪಾಯಿ, ಭಾಗಗಳಿಗೆ ಬಾಣದ ಗುರುತು]

ರಿಯಲ್ ಏಲ್ ಎಂದರೇನು? ಈ ಮಾತನ್ನು ಮನೆಮಾತಾಗಿಸಿದ್ದು 1971ರಲ್ಲಿ ಹುಟ್ಟಿದ ಕ್ಯಾಮ್ರಾ ಎಂಬ ಗ್ರಾಹಕರ ಸಂಘಟನೆ. ಯಾವ ಪೀಪಾಯಿಯಿಂದ ಬಡಿಸುತ್ತಾರೋ ಅದರೊಳಗೇ ಎರಡನೇ ಸಲ ಹುದುಗಿ ಹದಗೊಂಡ, ಹೊರಗಿನ ಗ್ಯಾಸ್ ತುಂಬದೆ ಬಡಿಸುವ ಬಿಯರ್ ಇದು. ಯೀಸ್ಟ್ ಇನ್ನೂ ಜೀವಂತವಾಗಿರುತ್ತದೆ. ದೋಸೆ ಹಿಟ್ಟು ರಾತ್ರಿಯೆಲ್ಲ ಪಾತ್ರೆಯಲ್ಲಿ ಕೆಲಸ ಮಾಡುವ ಹಾಗೆ, ಇದೂ ಪೀಪಾಯಿಯಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ. ಹಿಟ್ಟು ಹುಳಿ ಮೀರಿದರೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ.

ಸಾಮಾನ್ಯವಾಗಿ ಬಳಸುವ ಪೀಪಾಯಿಯ ಹೆಸರು ಫರ್ಕಿನ್. 9 ಗ್ಯಾಲನ್, ಅಂದರೆ ಸುಮಾರು 41 ಲೀಟರ್ ಅಥವಾ 72 ಪಿಂಟ್. ಅದನ್ನು ಅಡ್ಡ ಮಲಗಿಸಿ, ಅಲುಗಾಡದಂತೆ ಬೆಣೆ ಕೊಟ್ಟು ಕೂರಿಸುತ್ತಾರೆ. ಮೇಲ್ಭಾಗದ ಬಿರಡೆಯ ನಡುವೆ ಸ್ಪೈಲ್ ಎಂಬ ಚಿಕ್ಕ ಗೂಟ ಹೊಡೆಯುತ್ತಾರೆ. ಮೊದಲು ಗಾಳಿಯಾಡುವ ಮೆದು ಗೂಟ. ಅದರ ಸುತ್ತ ನೊರೆ ಬುಸುಬುಸು ಉಕ್ಕಿ, ಹೆಚ್ಚಾದ ಗ್ಯಾಸ್ ಹೊರಬರುತ್ತದೆ. ನೊರೆ ಒರೆಸಿ, ಗೂಟ ಕಟ್ಟಿಕೊಂಡರೆ ಬದಲಿಸುತ್ತಾರೆ. ಗುಳ್ಳೆ ನಿಧಾನವಾದ ಕೂಡಲೇ ಗಟ್ಟಿ ಗೂಟ ಹಾಕಿ ಉಳಿದ ಗ್ಯಾಸನ್ನು ಒಳಗೇ ಹಿಡಿಯಬೇಕು. ಬೇಗ ಮುಚ್ಚಿದರೆ ಲೋಟದಲ್ಲಿ ಬರೀ ನೊರೆ. ತಡವಾದರೆ ಬಿಯರ್ ಸಪ್ಪೆ. ನೆಲಮಾಳಿಗೆಯವರ ಕೈಹದ ಗೊತ್ತಾಗುವುದು ಇಲ್ಲೇ.

ಮುಂದಿನದು ಕಾಯುವ ಕೆಲಸ. ಗಸಿ ತಳಕ್ಕಿಳಿಯಲು ಒಂದು ದಿನ, ಕೆಲವಕ್ಕೆ ಎರಡು ದಿನ ಬೇಕು. ಗಸಿ ಬೇಗ ಇಳಿಯಲೆಂದು ಹಲವು ಕಂಪನಿಗಳು ಐಸಿಂಗ್ಲಾಸ್ ಬೆರೆಸುತ್ತವೆ. ಅದು ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ. ಸಸ್ಯಾಹಾರಿಗಳು ಇದನ್ನು ತಿಳಿದಿರಲೇಬೇಕು. ಈಗ ಅದಿಲ್ಲದ ಏಲ್‌ಗಳೂ ಸಿಗುತ್ತವೆ. ಪಂಪಿನ ಫಲಕದ ಮೇಲೆ ‘ಅನ್‌ಫೈನ್ಡ್’ ಅಥವಾ ‘ವೀಗನ್’ ಎಂದಿದೆಯೇ ನೋಡಿ, ಇಲ್ಲವಾದರೆ ಕೇಳಿ.

ನೆಲಮಾಳಿಗೆಯ ಉಷ್ಣತೆ 11ರಿಂದ 13 ಡಿಗ್ರಿ. ಹೂಜಿ ನೀರಿಗಿಂತ ಹೆಚ್ಚು ತಂಪು, ಫ್ರಿಜ್ ನೀರಿಗಿಂತ ಕಡಿಮೆ. ಬೆಂಗಳೂರಿನ ಪಬ್ಬಿನ ಮಂಜುಗಟ್ಟಿದ ಮಗ್ ಅಭ್ಯಾಸವಾದವರಿಗೆ ಮೊದಲ ಗುಟುಕು ‘ಬೆಚ್ಚಗಿದೆ, ಗ್ಯಾಸೇ ಇಲ್ಲ’ ಅನ್ನಿಸುತ್ತದೆ. ತುಂಬ ತಣ್ಣಗಾದರೆ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಪರಿಮಳ ಮುಚ್ಚಿಹೋಗುತ್ತದೆ, ಬಿಯರ್ ಮಬ್ಬಾಗಲೂಬಹುದು. ಬೆಚ್ಚಗಾದರೆ ಬೇಗ ಕೆಡುತ್ತದೆ.

[ದೃಶ್ಯ: ಕೈಪಂಪಿನ ಹಿಡಿ ಕೆಳಗೆ ಬರುತ್ತಿದೆ, ಲೋಟ ತುಂಬುತ್ತಿದೆ]

ಬಡಿಸಲು ಶುರುಮಾಡಿದ ಮೇಲೆ ಮತ್ತೆ ಮೆದು ಗೂಟ. ಬಿಯರ್ ಹೊರಹೋದಷ್ಟೂ ಗಾಳಿ ಒಳಗೆ ಬರುತ್ತದೆ. ಆ ಗಾಳಿಯಿಂದಲೇ ಪೀಪಾಯಿಯ ಆಯುಸ್ಸು ಸುಮಾರು ಮೂರು ದಿನಕ್ಕೆ ಇಳಿಯುತ್ತದೆ. ಲೆಕ್ಕ ಹಾಕಿ: ಮೂರು ದಿನಕ್ಕೆ 72 ಪಿಂಟ್, ಅಂದರೆ ಒಂದು ಪಂಪಿನಿಂದ ದಿನಕ್ಕೆ 24 ಪಿಂಟ್ ಹೋಗಬೇಕು. ಗಿರಾಕಿಗಳಿಲ್ಲದ ಪಬ್ಬಿನಲ್ಲಿ ಹತ್ತು ಪಂಪು ಸಾಲಾಗಿ ನಿಂತಿದ್ದರೆ ಅದು ಸಮೃದ್ಧಿಯ ಲಕ್ಷಣವಲ್ಲ. ಎರಡೇ ಪಂಪಿದ್ದು ಎರಡೂ ಓಡುತ್ತಿದ್ದರೆ ನಾವು ಅಲ್ಲಿಗೇ ಹೋಗಿ ಎನ್ನುತ್ತೇವೆ.

ಹಾಗಾಗಿ ಕೌಂಟರಿನಲ್ಲಿ ಮೊದಲು ಕೇಳಬೇಕಾದದ್ದು: ಇವತ್ತು ಯಾವುದು ಹೆಚ್ಚು ಹೋಗುತ್ತಿದೆ? ಎರಡನೆಯದು: ಸ್ವಲ್ಪ ರುಚಿ ನೋಡಬಹುದೇ? ಚಿಕ್ಕ ಲೋಟದಲ್ಲಿ ಒಂದು ಗುಟುಕು ಕೊಡುತ್ತಾರೆ, ಸಂಕೋಚ ಬೇಡ. ಪಂಪಿನ ಫಲಕ ಹಿಂದುಮುಂದಾಗಿ ತಿರುಗಿದ್ದರೆ ಆ ಏಲ್ ಸದ್ಯಕ್ಕಿಲ್ಲ. ಪಿಂಟ್ 568 ಮಿಲಿಲೀಟರ್. ಅರ್ಧ, ಮೂರನೇ ಒಂದು ಪಿಂಟ್ ಕೂಡ ಕಾನೂನುಬದ್ಧ ಅಳತೆ. ಹೊಸಬರು ಪಿಂಟ್‌ಗಿಂತ ಬೇರೆ ಬೇರೆ ಅರ್ಧಗಳನ್ನು ಕೇಳುವುದು ಮೇಲು: ಕಹಿ ಮುಂದಿರುವ ಒಂದು ಬಿಟರ್, ತಿಳಿ ಹೊನ್ನಿನ ಬಣ್ಣದ ಒಂದು ಗೋಲ್ಡನ್ ಏಲ್, ಇದ್ದರೆ ಕಹಿ ಕಡಿಮೆಯಿರುವ ಒಂದು ಮೈಲ್ಡ್.

ಸರದಿ ಸಾಲು ಕಣ್ಣಿಗೆ ಕಾಣದಿದ್ದರೂ ಇರುತ್ತದೆ. ನಿಮಗಿಂತ ಮೊದಲು ಬಂದವರಿದ್ದರೆ ಕೈತೋರಿಸಿ ಅವರಿಗೆ ಬಿಡಿ. ನೋಟು ಬೀಸಬೇಡಿ. ದುಡ್ಡು ಆಗಲೇ ಕೊಟ್ಟು ಲೋಟ ನೀವೇ ಒಯ್ಯಿರಿ. ವಯಸ್ಸು 18 ತುಂಬಿರಬೇಕು. 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುತ್ತಾರೆ, ಪಾಸ್‌ಪೋರ್ಟ್ ಜೊತೆಗಿರಲಿ.

ಪಂಪಿನ ಹಿಡಿಯನ್ನು ಒಮ್ಮೆ ಪೂರ್ತಿ ಎಳೆದರೆ ಸಾಮಾನ್ಯವಾಗಿ ಅರ್ಧ ಪಿಂಟ್ ಬರುತ್ತದೆ. ಮೂತಿಯ ತುದಿಯಲ್ಲಿ ಸಣ್ಣ ತೂತುಗಳ ಬಿಲ್ಲೆಯಿದ್ದರೆ ಅದು ಸ್ಪಾರ್ಕ್ಲರ್. ಉತ್ತರ ಇಂಗ್ಲೆಂಡಿನವರಿಗೆ ಅದರ ಕೆನೆಯಂಥ ನೊರೆ ಬೇಕು, ದಕ್ಷಿಣದ ಬಹುತೇಕರಿಗೆ ಬೇಡ. ನೊರೆ ಹೆಚ್ಚಾಗಿ ಬಿಯರ್ ಕಡಿಮೆಯಾಗಿದ್ದರೆ ‘ಟಾಪ್ ಅಪ್, ಪ್ಲೀಸ್’ ಎನ್ನಿ, ತುಂಬಿಸಿ ಕೊಡುತ್ತಾರೆ.

[ದೃಶ್ಯ: ಬೆಳಕಿಗೆ ಹಿಡಿದ ಲೋಟ. ಒಂದು ತಿಳಿ, ಇನ್ನೊಂದು ಮಬ್ಬು]

ಈಗ ಲೋಟವನ್ನು ಬೆಳಕಿಗೆ ಹಿಡಿಯಿರಿ. ಆಚೆ ಬದಿಯ ಬೆರಳು ಕಂಡರೆ ಸರಿ. ಅನ್‌ಫೈನ್ಡ್ ಅಲ್ಲದ ಏಲ್ ಮಬ್ಬಾಗಿದ್ದರೆ ಗಸಿ ಇಳಿಯುವ ಮೊದಲೇ ಬಡಿಸಿರಬಹುದು, ಇಲ್ಲವೇ ಪೀಪಾಯಿಯ ತಳ ಬಂದಿರಬಹುದು. ಮೂಗಿಗೆ ವಿನೆಗರ್ ಹೊಡೆದರೆ ಪೀಪಾಯಿ ತೆರೆದು ಬಹಳ ದಿನವಾಗಿದೆ ಅಥವಾ ಕೊಳವೆ ಕೊಳಕಾಗಿದೆ. ಕೊಳವೆಗಳನ್ನು ವಾರಕ್ಕೊಮ್ಮೆ ತೊಳೆಯಬೇಕು. ಒದ್ದೆ ರಟ್ಟಿನ ವಾಸನೆ ಬಂದರೆ ಹಳಸಿದೆ. ಬಾಗಿಲು ತೆರೆದ ಹೊತ್ತಿನ ಮೊದಲ ಪಿಂಟ್ ಮಂಕಾಗಿದ್ದರೆ, ರಾತ್ರಿಯಿಡೀ ಕೊಳವೆಯಲ್ಲಿ ನಿಂತಿದ್ದನ್ನು ಎಳೆದು ಚೆಲ್ಲಿಲ್ಲವೆಂದು ಅನುಮಾನಿಸಬಹುದು.

ಇಂಥದ್ದು ಬಂದರೆ ಒಂದೆರಡು ಗುಟುಕಿಗೇ ನಿಲ್ಲಿಸಿ, ಲೋಟ ಕೌಂಟರಿಗೆ ಒಯ್ದು, ಮೆಲ್ಲಗೆ ಹೇಳಿ: ‘ಐ ಥಿಂಕ್ ದಿಸ್ ಹ್ಯಾಸ್ ಗಾನ್ ಆಫ್’. ಒಳ್ಳೆಯ ಪಬ್ಬಿನವರು ವಾದಿಸುವುದಿಲ್ಲ. ಅವರೇ ಮೂಸಿ ನೋಡಿ, ಬೇರೆ ಕೊಟ್ಟು, ಆ ಫಲಕವನ್ನು ತಿರುಗಿಸುತ್ತಾರೆ. ಮುಕ್ಕಾಲು ಕುಡಿದು ತಂದರೆ ಮಾತ್ರ ಒಪ್ಪುವುದು ಕಷ್ಟ. ಕಹಿ ನಿಮಗೆ ಹಿಡಿಸಲಿಲ್ಲ ಎನ್ನುವುದು ಬಿಯರಿನ ದೋಷವಲ್ಲ, ಅದಕ್ಕೇ ಮೊದಲು ರುಚಿ ನೋಡಿ ಎಂದದ್ದು.

[ದೃಶ್ಯ: ಹಿತ್ತಾಳೆ ಗಂಟೆ, ಖಾಲಿಯಾಗುತ್ತಿರುವ ಕೌಂಟರ್]

ರಾತ್ರಿ ಗಂಟೆ ಬಾರಿಸಿ ‘ಲಾಸ್ಟ್ ಆರ್ಡರ್ಸ್’ ಎಂದರೆ ಕೊನೆಯದಾಗಿ ಕೇಳಬಹುದು. ಆಮೇಲೆ ‘ಟೈಮ್’ ಎಂದರೆ ಇನ್ನು ಕೊಡುವುದಿಲ್ಲ, ಲೋಟದಲ್ಲಿರುವುದನ್ನು ಮುಗಿಸಲಷ್ಟೇ ಹೊತ್ತು. ಹೊರಡುವಾಗ ಖಾಲಿ ಲೋಟವನ್ನು ಕೌಂಟರಿಗೆ ತಂದಿಡಿ. ಮೇಲೆ ದೀಪ ಆರಿದ ಮೇಲೂ ಕೆಳಗೆ ಒಬ್ಬರಿಗೆ ಕೆಲಸ ಉಳಿದಿರುತ್ತದೆ: ಪ್ರತಿ ಪೀಪಾಯಿಯ ಮೆದು ಗೂಟ ಕಿತ್ತು, ಬೆಳಗಿನವರೆಗೆ ಗಟ್ಟಿ ಗೂಟ ಹೊಡೆಯಬೇಕು.