ಗರಗಸ ಮೊದಲು, ಅಮ್ಮ ಆಮೇಲೆ

ಕೇಳುಗರಿಗೆ ನಮಸ್ಕಾರ.

ಜೂನ್ ತಿಂಗಳು ಬಂತೆಂದರೆ ಒಂದನೇ ತರಗತಿಯ ಬಾಗಿಲಲ್ಲಿ ತಾಯಂದಿರು ಮಗುವಿನ ಕೈ ಬಿಡಿಸಿಕೊಳ್ಳುತ್ತಲೇ ಹೇಳುತ್ತಾರೆ: “ಮಿಸ್, ಇವನಿಗೆ ಅಆಇಈ ಪೂರ್ತಿ ಬರುತ್ತೆ.” ಬರುತ್ತದೆ, ಸುಳ್ಳಲ್ಲ. ನಲವತ್ತೊಂಬತ್ತು ಅಕ್ಷರವನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಗೋಡೆಯ ಪಟದಲ್ಲಿ ‘ಗ’ ತೋರಿಸಿ ಇದೇನು ಪುಟ್ಟಾ ಅಂದರೆ ಮಾತ್ರ, ‘ಕ’ದಿಂದ ಬೆರಳಿಟ್ಟುಕೊಂಡು ಅಲ್ಲಿಗೆ ನಡೆದು ಬರುತ್ತಾನೆ. ಅದೇ ‘ಗ’ವನ್ನು ಬೋರ್ಡಿನ ಮೇಲೆ ಒಂಟಿಯಾಗಿ ಬರೆದೆವೋ, ನಮ್ಮ ಮುಖ ನೋಡುತ್ತಾನೆ. ಅವನಿಗೆ ಬಂದಿರುವುದು ಹಾಡು. ಹಾಡು ಬರಲಿ, ಚೆಂದವೇ. ಅದನ್ನು ಓದು ಅಂದುಕೊಳ್ಳುವುದು ಬೇಡ.

ನಮ್ಮ ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಗೆ ಬಂದು ನೋಡಿದವರು ಗಾಬರಿಯಾಗುವುದುಂಟು. ಅಲ್ಲಿ ಮಗು ಮೊದಲು ಕಲಿಯುವುದು ಅಆಇಈ ಅಲ್ಲ. ರ, ಗ, ಸ, ದ, ಅ. “ಇದ್ಯಾವ ಸೀಮೆ ವರ್ಣಮಾಲೆ?” ಎಂದು ಅಜ್ಜಂದಿರು ನನ್ನನ್ನೇ ಗದರಿದ್ದಾರೆ. ಈ ಐದೇ ಅಕ್ಷರ ಗೊತ್ತಿದ್ದರೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು, ಸ್ವಾಮಿ. ಕೊಂಬಿಲ್ಲ, ಗುಡಿಸಿಲ್ಲ, ಒತ್ತಿಲ್ಲ. ಅಆಇಈಉ ಐದನ್ನು ಕಲಿತ ಮಗು ಓದುವುದಕ್ಕೆ ಪದವೆಲ್ಲಿದೆ? 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯಿತು. ಅದಕ್ಕೂ ಮುಂಚೆ ಅಲ್ಲಿಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ, ಮಕ್ಕಳು ಕಾರ್ಡು ಹಿಡಿದು ತಂತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದಿದ್ದರು.

ಇಂಗ್ಲಿಷಿಗೆ 26 ಅಕ್ಷರ. ಪಕ್ಕದ ಮನೆಯ ಕಾನ್ವೆಂಟ್ ಹುಡುಗಿ ಎಲ್ಲ ಬರೆಯುತ್ತಾಳೆ, ನಮ್ಮವನಿಗೆ ಇನ್ನೂ ಕಾಗುಣಿತವೇ ಬಂದಿಲ್ಲ ಎಂದು ಕೊರಗುವವರು ಒಂದು ಲೆಕ್ಕ ಹಾಕಿ ನೋಡಿ. ನಮ್ಮ 34 ವ್ಯಂಜನಕ್ಕೆ 13 ಸ್ವರ ಸೇರಿದರೆ 442 ರೂಪ. ಅದರ ಮೇಲೆ ಒತ್ತಕ್ಷರ. ಇಷ್ಟನ್ನೂ ಒಂದೇ ವರ್ಷದಲ್ಲಿ ಮುಗಿಸು ಎಂದು ಆರು ವರ್ಷದ ಕೂಸಿಗೆ ಹೇಳುವುದು ನ್ಯಾಯವೆ? ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆ ಕೂಡ ಅಷ್ಟು ಕೇಳುವುದಿಲ್ಲ. ಒಂದನೇ ತರಗತಿ ಮುಗಿಯುವಾಗ ನಾಲ್ಕೈದು ಸರಳ ಪದಗಳ ಪುಟ್ಟ ವಾಕ್ಯ ಓದಿದರೆ ಸಾಕು ಅನ್ನುತ್ತದೆ. ಅರ್ಥ ಮಾಡಿಕೊಂಡು ಸರಾಗವಾಗಿ ಓದುವುದಕ್ಕೆ ಮೂರನೇ ತರಗತಿಯ ಕೊನೆಯವರೆಗೂ ಸಮಯವಿದೆ.

ಬರವಣಿಗೆ ಓದಿಗಿಂತಲೂ ತಡ. ಬೆರಳಿಗೆ ಬಲ ಬರಬೇಕಲ್ಲ. ನಮ್ಮ ಅಕ್ಷರಗಳೋ ಬಹುಪಾಲು ದುಂಡು, ಎಳೆಯ ಬೆರಳು ಅಷ್ಟು ಸುಲಭವಾಗಿ ತಿರುಗುವುದಿಲ್ಲ. ವಿಜಯದಶಮಿಯ ದಿನ ತಟ್ಟೆಯ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸುತ್ತೇವಲ್ಲ, ಅದು ಒಳ್ಳೆಯ ಪಾಠ. ಒಂದೇ ದಿನಕ್ಕೆ ಮುಗಿಸಿ ಮಾರನೆಯ ದಿನವೇ ಎರಡು ಪುಟ ಕಾಪಿ ಬರೆ ಅನ್ನುತ್ತೇವಲ್ಲ, ನನ್ನ ತಕರಾರು ಅಲ್ಲಿ. ಚಪಾತಿ ಹಿಟ್ಟು ಕೊಡಿ, ಅವರೆಕಾಯಿ ಸುಲಿಸಿ, ಮರಳಲ್ಲಿ ಗೀಚಲಿ.

ಇನ್ನೊಂದು ಮಾತು. ಮಗುವಿಗೆ ತೀರಾ ಹತ್ತಿರದ ಪದಗಳು ಯಾವುವು? ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ. ಒಂದಕ್ಕಾದರೂ ಒತ್ತು ಇಲ್ಲದೆ ಇದೆಯೇ? ಅದರಲ್ಲೂ ‘ಮ’ದ ಒತ್ತಿಗೂ ‘ಮ’ಕ್ಕೂ ಮುಖಹೋಲಿಕೆಯೇ ಇಲ್ಲ. ಒಮ್ಮೆ ಒಬ್ಬ ಹುಡುಗಿ ಸ್ಲೇಟಿನ ತುಂಬ ‘ಅಮಮ’ ಎಂದು ಬರೆದುಕೊಂಡು ಬಂದಳು. ಕಿವಿಗೆ ಎರಡು ‘ಮ’ ಕೇಳಿಸಿದೆ, ಎರಡು ಬರೆದಿದ್ದಾಳೆ. ಸಂಜೆ ಅವಳ ತಾಯಿ, “ತಪ್ಪು ತಿದ್ದಲಿಲ್ವಾ ಮಿಸ್?” ಅಂದರು. “ಒತ್ತಿನ ಪಾಠ ಬರಲಿ, ತಿದ್ದೋಣ. ಇವತ್ತು ಅವಳು ಬರೆದಿರೋದು ನಿಮ್ಮನ್ನೇ ಅಲ್ವಾ?” ಅಂದೆ. ಸ್ಲೇಟು ಅಳಿಸದೆ ಹಾಗೇ ಮನೆಗೆ ಒಯ್ದರು.

ನಮಸ್ಕಾರ.