ವೇಟ್ ಮಾಡು ಅಂದರೆ ಏನು ಮಾಡಬೇಕು?

ಕೇಳುಗರಿಗೆ ನಮಸ್ಕಾರ.

ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ನಾನು ಲೆಕ್ಕ ಬರೆಯಲು ಸೇರಿದ ಹೊಸತು. ಸಾಹುಕಾರರು ಫೋನ್ ಮಾಡಿ, "ಚಾಲಿ ಚೀಲ ಬಂತಲ್ಲ, ವೇಟ್ ಮಾಡೋ" ಅಂದರು. ನಾನು ಹಮಾಲರನ್ನು ಕರೆದು 22 ಚೀಲವನ್ನೂ ತೂಕ ಮಾಡಿಸಿಬಿಟ್ಟೆ. ಅವರು ಹೇಳಿದ್ದು, ನಾನು ಬಂದು ಮಾಲು ನೋಡುವವರೆಗೆ ತಡಿ ಅಂತ!

ಉಚ್ಚಾರ ಸರಿಯಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಎಲ್ಲರೂ ಅಂದರು. ಅದು ಮಾತ್ರ ಸುಳ್ಳು. ಕಾಯುವ ವೇಟ್‌ಗೂ ತೂಕದ ವೇಟ್‌ಗೂ ಇಂಗ್ಲಿಷಿನಲ್ಲಿ ಸದ್ದು ಒಂದೇ. ಲಂಡನ್ನಿನವರು ಹೇಳಿದರೂ ಅಷ್ಟೇ. ತೂಕದ ವೇಟ್ ನಡುವೆ ಜಿ, ಎಚ್ ಬರೆಯುತ್ತೇವಲ್ಲ, ಅದಕ್ಕೂ ಒಂದು ಕಾಲದಲ್ಲಿ ಒರಟು ಹ-ಕಾರದಂಥ ಸದ್ದಿತ್ತು. 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಕೂಟ ಬಂತು. ಕಾಗುಣಿತ ನಿಧಾನಕ್ಕೆ ಅಚ್ಚಿನಲ್ಲಿ ಗಟ್ಟಿಯಾಯಿತು, ಜನರ ಬಾಯಿ ಬದಲಾಗುತ್ತಲೇ ಹೋಯಿತು.

ಹಾಗಾಗಿ ಸುಮ್ನೆ 'ವೆಯಿಟ್' ಎಂದು ಎಳೆಯಬೇಡಿ. ಪಕ್ಕದಲ್ಲಿ ಇನ್ನೊಂದು ಪದ ಇಡಿ. 'ವೇಟ್ ಫಾರ್ ಮಿ' ಅಂದರೆ ಯಾರೂ ತಕ್ಕಡಿ ಹುಡುಕುವುದಿಲ್ಲ.

ವಿಮಾನದವರು ವೈರ್‌ಲೆಸ್‌ನಲ್ಲಿ ನಾಲ್ಕಕ್ಕೆ ಬೇಕಂತಲೇ 'ಫೋವರ್', ಒಂಬತ್ತಕ್ಕೆ 'ನೈನರ್' ಅನ್ನುತ್ತಾರೆ. ಗದ್ದಲದಲ್ಲಿ ಫೈವ್, ನೈನ್ ಒಂದೇ ಥರ ಕೇಳುತ್ತವೆ, ಅಲ್ವಾ? ಆದರೆ ಅದು ಅವರವರೇ ಮಾಡಿಕೊಂಡ ಕಟ್ಟಳೆ. ಕಾರವಾರದ ಮೀನು ಮಾರ್ಕೆಟಿನಲ್ಲಿ ನೀವು 'ಫೋವರ್ ಬಂಗಡೆ' ಕೇಳಿದರೆ ನಗುತ್ತಾರೆ.

ನಿಜವಾಗಿ ಬಾಯಿ ದುಡಿಯಬೇಕಾದ್ದು ಬೇರೆ ಕಡೆ. ನಮಗಿರುವುದು ಒಂದೇ ವ. ಇಂಗ್ಲಿಷಿನವರು ಬೇರೆ ಬೇರೆ ಹೇಳುವ ಡಬ್ಲ್ಯು, ವಿ ಜೋಡಿಯನ್ನು ನಾವು ಒಂದು ಮಾಡಿಬಿಡುತ್ತೇವೆ. ಕಾರವಾರ ಇರುವುದು ವೆಸ್ಟ್ ಕೋಸ್ಟಿನಲ್ಲಿ. ವಿ ಹಾಕಿ ಬರೆಯುವ ವೆಸ್ಟ್ ಅಂದರೆ ಬನಿಯನ್. ಹಲ್ಲು ಕೆಳತುಟಿಗೆ ತಾಗಿತೋ, ಅದು ಬನಿಯನ್ನಿನ ತೀರ! ದಿಕ್ಕಿನ ವೆಸ್ಟ್‌ಗೆ ಉ ಹೇಳಲು ಹೊರಟ ಹಾಗೆ ತುಟಿ ಗುಂಡಗೆ ಮಾಡಿ, ಅಲ್ಲಿಂದ ಎ-ಗೆ ಜಾರಿ. 'ಉಎಸ್ಟ್'. ಹಲ್ಲಿಗೆ ಇಲ್ಲಿ ಕೆಲಸವಿಲ್ಲ. ಬನಿಯನ್ನಿನ ವೆಸ್ಟ್‌ಗೆ ಮೇಲಿನ ಹಲ್ಲು ಕೆಳತುಟಿಯ ಮೇಲೆ ಕೂರಬೇಕು, ತುಟಿ ಸ್ವಲ್ಪ ಗುಂಯ್ ಅನ್ನಬೇಕು. ಕನ್ನಡಿ ಮುಂದೆ ನಿಂತು ಹೇಳಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ವೈನ್ ಕೂಡ ಹಾಗೇ. ಹಲ್ಲು ತಾಗಿದರೆ ಬಳ್ಳಿ, ತುಟಿ ಗುಂಡಗಾದರೆ ಬಾಟಲಿ.

ಅಂದ ಹಾಗೆ, ಸಾಹುಕಾರರು ಕನ್ನಡದಲ್ಲೇ 'ಕಾಯಿ' ಅನ್ನಬಹುದಿತ್ತಲ್ಲ ಅಂತೀರಾ? ಅನ್ನಬಹುದಿತ್ತು. ನನ್ನ ಆಗಿನ ಬುದ್ಧಿಗೆ, ಪೇಟೆಗೆ ಓಡಿ ಎರಡು ತೆಂಗಿನಕಾಯಿ ತಂದಿಡುತ್ತಿದ್ದೆ.

ನಮಸ್ಕಾರ.