ಅರವತ್ತರ ಮೇಲೆ ಒಬ್ಬರೇ ಹೊರಡುವವರು ಮೊದಲು ಇರುವ ಕಾರಿನಲ್ಲೇ ಮಲಗಿ

ನಮಸ್ಕಾರ ಎಲ್ಲರಿಗೂ. ಇವತ್ತು ಪ್ರಯಾಣದ ವಿಡಿಯೋ ಇಲ್ಲ, ಬರೀ ಮಾತು. ನಾನು ಒಬ್ಬಳೇ ನನ್ನ ವ್ಯಾಗನ್‌ಆರ್ ಕಾರಿನಲ್ಲೇ ಮಲಗಿಕೊಂಡು ಊರು ಸುತ್ತುವವಳು. ಹೋದ ವಾರದ ವಿಡಿಯೋ ಕೆಳಗೆ ಒಬ್ಬ ಹುಡುಗ ಹೀಗೆ ಬರೆದಿದ್ದಾನೆ: "ಮೇಡಂ, ಟಾಯ್ಲೆಟ್ ಇಲ್ಲ, ಎಸಿ ಇಲ್ಲ, ಇದು ಕ್ಯಾರವಾನ್ ಅಲ್ಲ, ಬರೀ ವ್ಯಾಗನ್‌ಆರ್. ನಮ್ಮಮ್ಮ ಮುಂದಿನ ತಿಂಗಳು ರಿಟೈರ್ ಆಗ್ತಾರೆ. ಗ್ರಾಚುಟಿ ದುಡ್ಡು ಬಂದ ತಕ್ಷಣ ಟೆಂಪೋ ಟ್ರಾವೆಲರ್ ತಗೊಂಡು ಸರಿಯಾದ ಕ್ಯಾರವಾನ್ ಮಾಡಿಸ್ತೀವಿ. ಒಬ್ಬರೇ ಆರಾಮಾಗಿ ಇಂಡಿಯಾ ಸುತ್ತಲಿ."

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕ್ಯಾರವಾನ್ ಅಂದರೆ ಒಳಗೇ ಮಂಚ, ಸಿಂಕ್, ಟಾಯ್ಲೆಟ್ ಇರುವ ಮನೆಯಂಥ ಗಾಡಿ. ಮಗಾ, ಅಮ್ಮ ಒಬ್ಬರೇ ಹೋಗಲಿ ಅಂತ ಹೇಳುವ ಮಕ್ಕಳೇ ಕಡಿಮೆ. ಅದಕ್ಕೆ ನಿನಗೆ ದೊಡ್ಡ ನಮಸ್ಕಾರ. ಆದರೆ ಟೆಂಪೋ ಟ್ರಾವೆಲರ್‌ಗೆ ಅಡ್ವಾನ್ಸ್ ಮಾತ್ರ ಈಗಲೇ ಕೊಡಬೇಡ. ಮನೆಯಲ್ಲಿ ಈಗ ಯಾವ ಕಾರು ಇದೆಯೋ ಅದರಲ್ಲಿ ನಿಮ್ಮಮ್ಮ ಒಂದು ರಾತ್ರಿ ಮಲಗಲಿ. ದೂರ ಎಲ್ಲೂ ಬೇಡ, ಮನೆಯಿಂದ ಒಂದು ಗಂಟೆಯ ದಾರಿ ಸಾಕು. ಬೆಳಿಗ್ಗೆ ಎದ್ದು "ಇನ್ನೊಂದು ರಾತ್ರಿ ಇರ್ತೀನಿ" ಅಂದರೆ ಆಮೇಲೆ ದೊಡ್ಡ ಗಾಡಿಯ ಮಾತು ತೆಗೆಯಿರಿ.

ನಾನು ಈ ಚಾನೆಲ್‌ನಲ್ಲಿ ಶುರುವಿನಿಂದ ಹೇಳುತ್ತಿರುವುದು ಇದನ್ನೇ. ಮೊದಲು ಇರುವ ಕಾರಿನಲ್ಲಿ ಮಲಗಿ. ಹೊಸಬರು ಬಂದಿದ್ದರೆ ಸಬ್‌ಸ್ಕ್ರೈಬ್ ಮಾಡಿಕೊಳ್ಳಿ, ಯಾಕೆಂದರೆ ಇದನ್ನು ನಾನು ಇನ್ನೂ ತುಂಬಾ ಸಲ ಹೇಳುವವಳಿದ್ದೇನೆ.

ಕಾರಿನಲ್ಲಿ ಹೇಗೆ ಮಲಗುವುದು ಅಂತ ಕೇಳುತ್ತೀರಿ. ಹಿಂದಿನ ಸೀಟು ಮಡಚಿ. ಮುಂದಿನ ಎಡಗಡೆ ಸೀಟನ್ನು ಎಷ್ಟು ಮುಂದೆ ಹೋಗುತ್ತದೋ ಅಷ್ಟು ತಳ್ಳಿ. ಈಗ ಡಿಕ್ಕಿಗೂ ಸೀಟಿನ ಬೆನ್ನಿಗೂ ಏರುಪೇರು ಕಾಣುತ್ತದೆ, ಮುಂದಿನ ಸೀಟಿನ ಹಿಂದೆ ಒಂದು ಹಳ್ಳ ಉಳಿಯುತ್ತದೆ. ಆ ಹಳ್ಳದಲ್ಲಿ ನೀರಿನ ಕ್ಯಾನ್ ಇಡಿ. ಮೇಲೆ 12 ಎಂಎಂ ಪ್ಲೈವುಡ್ ಹಲಗೆ, ಎರಡು ತುಂಡು, ನಡುವೆ ಹಿಂಜ್ ಹಾಕಿಸಿದ್ದು. ಕ್ಯಾನೇ ಹಲಗೆಗೆ ಆಧಾರ. ಅದರ ಮೇಲೆ ಹತ್ತಿ ಹಾಸಿಗೆ, ಜಮಖಾನ. ನಾನು ಐದಡಿ ಒಂದಿಂಚು, ಕಾಲು ಪೂರ್ತಿ ಚಾಚುತ್ತೇನೆ. ಕಿಟಕಿ ಎರಡು ಬೆರಳಷ್ಟು ಇಳಿಸಿರಬೇಕು. ಬಾಗಿಲು ತೆರೆದು, ಸೊಳ್ಳೆ ಪರದೆ ಬಟ್ಟೆಯನ್ನು ಮೇಲಿನಿಂದ ಇಳಿಬಿಟ್ಟು, ಅದು ಸಿಕ್ಕಿಹಾಕಿಕೊಳ್ಳುವ ಹಾಗೆ ಬಾಗಿಲು ಹಾಕಿಬಿಡಿ. ಗಟ್ಟಿಯಾಗಿ ನಿಲ್ಲುತ್ತದೆ, ಗಾಳಿಯೂ ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕಿಟಕಿ ಪೂರ್ತಿ ಮುಚ್ಚಿ ಮಲಗಿದರೆ ಬೆಳಿಗ್ಗೆ ಗಾಜಿನ ಒಳಗೆಲ್ಲ ನೀರಿಳಿದಿರುತ್ತದೆ, ದಿಂಬು ಒದ್ದೆ. ಗಾಡಿ ನಿಲ್ಲಿಸುವಾಗ ತಲೆ ಇರುವ ಕಡೆ ಸ್ವಲ್ಪ ಎತ್ತರ ಇರಲಿ. ಇಷ್ಟೇ.

ಇನ್ನು ಎಸಿ. ಗಾಡಿ ನಿಲ್ಲಿಸಿ ಎಂಜಿನ್ ಆನ್ ಇಟ್ಟು ಎಸಿ ಹಾಕಿಕೊಂಡು ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಒಳಗೆ ಬಂದರೆ ಗೊತ್ತೇ ಆಗುವುದಿಲ್ಲ. ಕಿಟಕಿ ಮುಚ್ಚಿ ಒಳಗೆ ಗ್ಯಾಸ್ ಸ್ಟವ್ ಹಚ್ಚುವುದೂ ಅಷ್ಟೇ ಅಪಾಯ. ಸೆಖೆ ಜಾಸ್ತಿಯಾದರೆ ಆ ತಿಂಗಳು ಬಯಲುಸೀಮೆಗೆ ಹೋಗಬೇಡಿ, ಮುಗಿಯಿತು.

ಆ ಒಂದು ರಾತ್ರಿ ಏನು ಕಲಿಸುತ್ತದೆ ಗೊತ್ತಾ? ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಏಳಬೇಕು. ಟಾರ್ಚ್ ಎಲ್ಲಿ? ಚಪ್ಪಲಿ ಎಲ್ಲಿ? ಕನ್ನಡಕ ಎಲ್ಲಿ? ರಿಮೋಟ್‌ನಿಂದ ಲಾಕ್ ಮಾಡಿ ಮಲಗಿರುತ್ತೀರಿ, ಒಳಗಿನಿಂದ ಬಾಗಿಲು ತೆಗೆದರೆ ಎಷ್ಟೋ ಗಾಡಿಗಳು ಅಲಾರಂ ಹೊಡೆದುಕೊಳ್ಳುತ್ತವೆ. ಮಂಡಿ ಮಡಚಿ ಇಳಿಯಲು ಆಗುತ್ತದಾ? ಪಕ್ಕದಲ್ಲಿ ಲಾರಿ ಬಂದು ನಿಂತರೆ ಎದೆ ಹೊಡೆದುಕೊಳ್ಳುತ್ತದಾ, ಇಲ್ಲ ಆಚೆ ತಿರುಗಿ ಮಲಗುತ್ತೀರಾ? ಇದನ್ನೆಲ್ಲ ತಿಳಿಯಲು ಹತ್ತಾರು ಲಕ್ಷ ಬೇಡ. ಒಂದು ಹಲಗೆ, ಒಂದು ರಾತ್ರಿ. ಮೊದಲು ಇರುವ ಕಾರಿನಲ್ಲಿ ಮಲಗಿ!

ಈಗ ಟಾಯ್ಲೆಟ್ ವಿಷಯಕ್ಕೆ ಬರೋಣ. "ಫಾರಿನ್‌ನಲ್ಲಿ ನೋಡಿ ಮೇಡಂ, ಎಪ್ಪತ್ತು ವರ್ಷದವರು ಮನೆಯಂಥ ಕ್ಯಾರವಾನ್ ಎಳೆದುಕೊಂಡು ಹೋಗ್ತಾರೆ" ಅಂತ ಎಷ್ಟು ಜನ ಬರೆಯುತ್ತೀರಿ! ಹೌದು, ಆಸ್ಟ್ರೇಲಿಯಾದಲ್ಲಿ ಹೋಗುತ್ತಾರೆ. ಗ್ರೇ ನೋಮ್ಯಾಡ್ಸ್ ಅಂತ ಅವರಿಗೆ ಹೆಸರೇ ಇದೆ. ಆದರೆ ಅಲ್ಲಿ ದಾರಿಯುದ್ದಕ್ಕೂ ಕ್ಯಾರವಾನ್ ಪಾರ್ಕ್ ಇವೆ. ಕರೆಂಟ್ ಸಿಗುತ್ತದೆ, ನೀರು ಸಿಗುತ್ತದೆ, ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡಲು ಡಂಪ್ ಪಾಯಿಂಟ್ ಅಂತ ಬೇರೆ ಜಾಗವೇ ಇರುತ್ತದೆ. ನಮ್ಮಲ್ಲಿ ಎಲ್ಲಿದೆ ಹೇಳಿ? ಕೇರಳದವರು 2021ರಲ್ಲಿ ಕ್ಯಾರವಾನ್ ಟೂರಿಸಂ ಯೋಜನೆ ಶುರು ಮಾಡಿದರು, ವಾಗಮಣ್‌ನಲ್ಲಿ ಪಾರ್ಕ್ ಮಾಡಿದರು, ಸಂತೋಷ. ಆದರೆ ನೀವು ಹಾಸನದಿಂದ ಹೊಸಪೇಟೆಗೆ ಹೋಗುವಾಗ ಟ್ಯಾಂಕ್ ತುಂಬಿದರೆ ಏನು ಮಾಡುತ್ತೀರಿ? ಊರಿನ ಕೆರೆ ಪಕ್ಕ ಸುರಿಯುತ್ತೀರಾ? ಅರವತ್ತು ದಾಟಿದ ಹೆಂಗಸು ಒಬ್ಬಳೇ ಆ ಡಬ್ಬ ಹೊತ್ತುಕೊಂಡು ಜಾಗ ಹುಡುಕಬೇಕಾ?

ಪೆಟ್ರೋಲ್ ಬಂಕ್ ಇದೆ. ಅಲ್ಲಿ ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ, ಈ ಮೂರನ್ನೂ ದುಡ್ಡು ತೆಗೆದುಕೊಳ್ಳದೆ ಕೊಡಬೇಕು ಅಂತ ನಿಯಮವೇ ಇದೆ. ಎಲ್ಲ ಬಂಕೂ ಚೆನ್ನಾಗಿರುವುದಿಲ್ಲ, ಒಪ್ಪುತ್ತೇನೆ. ಅದಕ್ಕೇ ಬೆಳಕಿರುವಾಗಲೇ ಹೋಗಿ, ಟಾಯ್ಲೆಟ್ ನೋಡಿ, ಮ್ಯಾನೇಜರ್ ಹತ್ತಿರ ಮಾತಾಡಿ. "ಒಬ್ಬಳೇ ಇದ್ದೀನಪ್ಪ, ರಾತ್ರಿ ಇಲ್ಲೇ ಗಾಡಿ ನಿಲ್ಲಿಸಿಕೊಳ್ಳಲಾ?" ಅಂತ ಕೇಳಿ. "ಲೈಟಿನ ಕೆಳಗೆ ಹಾಕ್ಕೊಳ್ಳಿ ಅಮ್ಮ" ಅನ್ನುವವರೇ ನನಗೆ ಜಾಸ್ತಿ ಸಿಕ್ಕಿದ್ದಾರೆ. ಬಂಕ್ ಬೇಡವಾದರೆ ಧರ್ಮಸ್ಥಳ, ಹೊರನಾಡು, ಕುಕ್ಕೆ, ನಂಜನಗೂಡು. ದೊಡ್ಡ ದೇವಸ್ಥಾನ ಇರುವ ಕಡೆ ರಾತ್ರಿ ಹೊತ್ತೂ ಜನ ಇರುತ್ತಾರೆ, ದುಡ್ಡು ಕೊಟ್ಟರೆ ಸ್ನಾನಕ್ಕೆ ಜಾಗ ಸಿಗುತ್ತದೆ.

"ಲೈಸೆನ್ಸ್ ಇದೆಯಲ್ಲ, ದೊಡ್ಡ ಗಾಡಿ ಓಡಿಸಿದರೆ ಏನು?" ಇದು ಇನ್ನೊಂದು ವಾದ. ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ಗಾಡಿಗಳ ಲೈಸೆನ್ಸ್‌ನಲ್ಲಿ 7,500 ಕೆಜಿ ಒಳಗಿನ ಗಾಡಿ ಓಡಿಸಬಹುದು, 2024ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಸರಿ. ಆದರೆ ಆರೇಳು ಮೀಟರ್ ಗಾಡಿಯನ್ನು ಆಗುಂಬೆಯಲ್ಲಿ ರಿವರ್ಸ್ ತೆಗೆಯಲು ಕೋರ್ಟ್ ಬರುವುದಿಲ್ಲ. ಅಲ್ಲಿ 14 ಹೇರ್‌ಪಿನ್ ತಿರುವು. ಎದುರಿಗೆ ಮಿನಿ ಬಸ್ ಬಂದು ನಿಂತು ಹಾರ್ನ್ ಹೊಡೆಯುತ್ತದೆ. ನಿಮ್ಮಮ್ಮ ಇಷ್ಟು ದಿನ ಓಡಿಸಿದ್ದು ಯಾವ ಗಾಡಿ ಮಗಾ? ಸ್ಕೂಟಿಯಾ, ಆಲ್ಟೋನಾ? 55 ದಾಟಿದ ಮೇಲೆ ಲೈಸೆನ್ಸ್ ರಿನ್ಯೂ ಮಾಡಿದರೆ 5 ವರ್ಷಕ್ಕೆ ಮಾತ್ರ ಕೊಡುತ್ತಾರೆ, ಡಾಕ್ಟರ್ ಸಹಿ ಮಾಡಿದ 1ಎ ಫಾರಂ ಬೇಕು. ಮೊದಲು ಅದನ್ನು ನೋಡಿ. ಕಣ್ಣು ತೋರಿಸಿ. ಪೊರೆ ಬರುತ್ತಿದ್ದರೆ ಎದುರಿನ ಹೆಡ್‌ಲೈಟ್ ಕಣ್ಣು ಕುಕ್ಕುತ್ತದೆ, ಕತ್ತಲಾದ ಮೇಲೆ ಗಾಡಿ ಓಡಿಸಲೇಬಾರದು. ಬಂಡೀಪುರದಲ್ಲಂತೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟೇ ಹಾಕಿರುತ್ತಾರೆ, 2009ರಿಂದ. ಗುಂಡ್ಲುಪೇಟೆಯಲ್ಲಿ ಹೊತ್ತು ಮಾಡಿಕೊಂಡರೆ ಅಲ್ಲೇ ರಾತ್ರಿ ಕಳೆಯಬೇಕು. ಚಿಕ್ಕ ಕಾರಾದರೆ ಯಾವುದಾದರೂ ಮೂಲೆಯಲ್ಲಿ ಹಿಡಿಯುತ್ತದೆ.

ಇನ್ನು ಆರ್‌ಸಿ. ಗಾಡಿಯ ಸೀಟು ಕಿತ್ತು, ಮಂಚ, ಸಿಂಕ್ ಕೂರಿಸಿದರೆ ಅದು ಆರ್‌ಸಿಯಲ್ಲಿ ಇರುವ ಗಾಡಿ ಆಗಿ ಉಳಿಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ಆರ್‌ಟಿಒ ಒಪ್ಪಿಗೆ ಇಲ್ಲದೆ ಗ್ಯಾರೇಜಿನಲ್ಲಿ ಸುಮ್ನೆ ಮಾಡಿಸಿಕೊಂಡರೆ, ನಾಳೆ ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್‌ನವರು ಅದನ್ನೇ ಹಿಡಿದುಕೊಳ್ಳುತ್ತಾರೆ. ನನ್ನ ಹಲಗೆಗೆ ಯಾವ ಒಪ್ಪಿಗೆಯೂ ಬೇಡ. ಬೆಳಿಗ್ಗೆ ಮಡಚಿ ನಿಲ್ಲಿಸಿದರೆ ಕಾರು ಕಾರೇ.

ಪಂಕ್ಚರ್ ಆಯಿತು ಅಂತಿಟ್ಟುಕೊಳ್ಳಿ. ಟ್ರಾವೆಲರ್ ಟೈರ್ ಎತ್ತಿ ನೋಡಿದ್ದೀರಾ? ಎತ್ತಿ ನೋಡಿ, ಆಮೇಲೆ ಬರೆಯಿರಿ. ವ್ಯಾಗನ್‌ಆರ್ ಸ್ಟೆಪ್ನಿ ನಾನೇ ಉರುಳಿಸಿಕೊಂಡು ಬಂದು ಕೂರಿಸುತ್ತೇನೆ, ಬೋಲ್ಟ್ ಬಿಗಿಯಾಗಿದ್ದರೆ ಸ್ಪ್ಯಾನರ್ ಮೇಲೆ ಕಾಲಿಟ್ಟು ತುಳಿಯುತ್ತೇನೆ. ಯಾವ ತಾಲೂಕಿಗೆ ಹೋದರೂ ಇದನ್ನು ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಸಿಗುತ್ತಾನೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೈಕೊಟ್ಟರೆ 1033, ಆಂಬುಲೆನ್ಸ್‌ಗೆ 108, ಏನೇ ಭಯವಾದರೂ 112. ಈ ಮೂರು ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬೇಡಿ, ಕೆಟ್ಟುಹೋಗುತ್ತದೆ. ಇಳಿಯುವಾಗ ಕೈಚೀಲದಲ್ಲಿ ಇಟ್ಟುಕೊಂಡೇ ಇಳಿಯಿರಿ.

"ದುಡ್ಡು ಹಾಕಿದರೆ ತಾನೆ ಹೋಗಬೇಕು ಅಂತ ಅನ್ನಿಸುವುದು" ಅಂತ ಒಬ್ಬರು ಬರೆದಿದ್ದಾರೆ. ಇದು ಯಾವ ಲೆಕ್ಕ ಸ್ವಾಮಿ? ಟ್ರೆಡ್‌ಮಿಲ್ ತಗೊಂಡವರೆಲ್ಲ ಓಡುತ್ತಿದ್ದಾರಾ? ಅದರ ಮೇಲೆ ಬಟ್ಟೆ ಒಣಗುತ್ತಿದೆ. ಗ್ರಾಚುಟಿ ಅಂದರೆ ಮೂವತ್ತು ಮೂವತ್ತೈದು ವರ್ಷ ಬೆಳಿಗ್ಗೆ ಎದ್ದು, ಡಬ್ಬಿ ಕಟ್ಟಿಕೊಂಡು, ಬಸ್ಸಿನಲ್ಲಿ ನಿಂತು ಹೋಗಿ ದುಡಿದ ದುಡ್ಡು. ಅದು ಮನೆ ಮುಂದೆ ಟಾರ್ಪಾಲ್ ಹೊದ್ದು ನಿಲ್ಲಬೇಕಾ? ಅದನ್ನು ನೋಡಿದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಅದೇ ದುಡ್ಡು ಬ್ಯಾಂಕಿನಲ್ಲಿದ್ದರೆ ಅದರ ಬಡ್ಡಿಯಲ್ಲೇ ತಿಂಗಳು ತಿಂಗಳು ಪೆಟ್ರೋಲ್ ಹಾಕಿಸಿಕೊಂಡು ಸುತ್ತಬಹುದು. ದೊಡ್ಡ ಕ್ಯಾರವಾನ್ ಆಸೆ ತಡೆಯಲಾಗದಿದ್ದರೆ ಡ್ರೈವರ್ ಸಮೇತ ಬಾಡಿಗೆಗೆ ಸಿಗುತ್ತವೆ, ಎರಡು ದಿನ ತಗೊಳ್ಳಿ. ಅದಕ್ಕೂ ಮುಂಚೆ ಏನು ಮಾಡಬೇಕು? ಇರುವ ಕಾರಿನಲ್ಲಿ ಮಲಗಬೇಕು!

"ಜನ ಏನಂತಾರೆ, ಮನೆ ಮಠ ಇಲ್ಲದೆ ಕಾರಲ್ಲಿ ಮಲಗ್ತಾಳೆ ಅಂತಾರೆ." ಅನ್ನಲಿ. ಅಂದವರು ಪೆಟ್ರೋಲ್ ಹಾಕಿಸುತ್ತಾರಾ? "ಸೊಂಟ ಹಿಡಿಯುತ್ತದೆ." ಹಲಗೆ ಮೇಲೆ ಮಲಗಿದರೆ ನನಗಂತೂ ಹಿಡಿದಿಲ್ಲ. "ಮಕ್ಕಳು ಒಪ್ಪಲ್ಲ." ಫೋನಿನಲ್ಲಿ ಲೊಕೇಶನ್ ಶೇರ್ ಮಾಡಿ ಹೊರಡಿ, ಬೆಳಿಗ್ಗೆ ಫೋನ್ ಮಾಡಿ ಹೇಳಿ. "ನಿಮಗೇನು ಮೇಡಂ, ಅಭ್ಯಾಸ ಇದೆ." ಅಭ್ಯಾಸ ಶೋರೂಮಿನಲ್ಲಿ ಸಿಗುತ್ತದಾ? ಮಲಗಿದರೆ ತಾನೆ ಆಗುವುದು! ಮಲಗಿ ಅಕ್ಕಾ. ಈ ಶನಿವಾರವೇ ಮಲಗಿ. ಇನ್ನೇನು ಕಾರಣ ಬೇಕು ನಿಮಗೆ?

ಶನಿವಾರ ಹೊರಡುವವರಿಗೆ ಇಷ್ಟು ಹೇಳಿ ಮುಗಿಸುತ್ತೇನೆ. ಏನೇನು ಒಯ್ಯಬೇಕು ಅನ್ನುವ ಪಟ್ಟಿ ಕೆಳಗೆ ಡಿಸ್ಕ್ರಿಪ್ಶನ್‌ನಲ್ಲಿದೆ, ನಮ್ಮ ವಾಟ್ಸಾಪ್ ಗ್ರೂಪಿನ ಲಿಂಕೂ ಅಲ್ಲೇ ಇದೆ. ಗ್ರೂಪಿನಲ್ಲಿ ಐವತ್ತೈದು ದಾಟಿದವರು ಮಾತ್ರ, ಗುಡ್ ಮಾರ್ನಿಂಗ್ ಫೋಟೋ ಹಾಕುವ ಹಾಗಿಲ್ಲ. ನಿಮ್ಮ ಕಾರು ಯಾವುದು, ನಿಮ್ಮ ಎತ್ತರ ಎಷ್ಟು ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಹಲಗೆ ಎಷ್ಟು ಉದ್ದ ಕೊಯ್ಯಿಸಬೇಕು, ಹಿಂಜ್ ಎಲ್ಲಿ ಬರಬೇಕು ಅಂತ ಒಬ್ಬೊಬ್ಬರಿಗೂ ನಾನೇ ಉತ್ತರ ಬರೆಯುತ್ತೇನೆ.